ಆರನೇ ಮಹಡಿಯ ಚೌಕಗಳು

ಕುತೈಸಿಯಲ್ಲಿ ಲಿಫ್ಟಿಗೂ ಹೊಟ್ಟೆಯಿದೆ.
ಹತ್ತು ತೇತ್ರಿ ಹಾಕಿದರೆ ಏರುತ್ತದೆ, ಇಲ್ಲದಿದ್ದರೆ
ಮೊಂಡು ಹೋರಿಯಂತೆ ನಿಂತಲ್ಲೇ ನಿಲ್ಲುತ್ತದೆ.
ಅದರ ಹೊಟ್ಟೆ ಬಿಚ್ಚಿ ಹೊಲಿಯುವವ ನಾನು, ಬದ್ರಿ.
ಬೀಗದ ಕೈ ಇದೆ, ನನಗೆ ಕಾಸು ಬೇಡ.

ನಿನ್ನೆ ಸಂಜೆ ಮೇಲಿನಿಂದ ತ್ಸಿಯಾಲಾ
ಹಗ್ಗದ ಬುಟ್ಟಿಯಲ್ಲಿ ಚೀಟಿ ಇಳಿಬಿಟ್ಟರು:
"ಕಂಪ್ಯೂಟರಿನಲ್ಲಿ ಅಕ್ಷರಗಳು ಸತ್ತಿವೆ. ಬಾ."
ವಿರಾಮಚಿಹ್ನೆಗಳೆಲ್ಲ ಇರಬೇಕಾದಲ್ಲೇ ಇದ್ದವು.
ನಲವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು.

ನೋಡಿದೆ. ಪುಟ ತೆರೆದಿದೆ, ಚಿತ್ರ ಬಂದಿದೆ,
ಯಾರದೋ ಮದುವೆ, ಯಾವುದೋ ಸೇತುವೆಯ ಉದ್ಘಾಟನೆ.
ಮಾತಿನ ಜಾಗದಲ್ಲಿ ಮಾತ್ರ ಸಾಲುಸಾಲು ಖಾಲಿ ಚೌಕ,
ರಾತ್ರಿ ಮೂರು ಗಂಟೆಗೆ
ಎದುರು ಕಟ್ಟಡದ ಕಿಟಕಿಗಳ ಹಾಗೆ.
ಅಂಕಿಗಳು ಬದುಕಿದ್ದವು. ಬೆಲೆಗಳು ಎಂದೂ ಸಾಯುವುದಿಲ್ಲ.

ಲಿಫ್ಟಿನ ಶಾಸ್ತ್ರ ನನ್ನದು: ಮೊದಲು ಆರಿಸು, ಮತ್ತೆ ಹಚ್ಚು.
ಹಚ್ಚಿದೆ. ಚೌಕ.
ಪುಟವನ್ನು ಮತ್ತೆ ಮತ್ತೆ ಕರೆದೆ, ಬೆರಳು ನೋಯುವಷ್ಟು. ಚೌಕ.
ಬ್ರೌಸರ್ ನುಂಗಿಟ್ಟುಕೊಂಡಿದ್ದ ಹಳೆಯದನ್ನೆಲ್ಲ ಕಕ್ಕಿಸಿದೆ,
ಅದರ ಜೊತೆ ಅವರ ಪಾಸ್‌ವರ್ಡುಗಳೂ ಹೋದವು
(ಅದಕ್ಕೆ ಬೈಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ).
ಹಿಗ್ಗಿಸಿದೆ: ದೊಡ್ಡ ಚೌಕ. ಕುಗ್ಗಿಸಿದೆ: ಎಳ್ಳಿನಂಥ ಚೌಕ.
ಬೇರೆ ಬ್ರೌಸರ್ ಇಳಿಸಿದೆ. ಹೊಸ ಮನೆ, ಹಳೇ ದೆವ್ವ.
ಗ್ರಾಫಿಕ್ಸ್ ಕಾರ್ಡಿನ ಹಂಗನ್ನೂ ಬಿಡಿಸಿ ನೋಡಿದೆ,
ಪರದೆ ಒಮ್ಮೆ ಕಪ್ಪಾಗಿ, ಕಣ್ಣು ಹೊಡೆದು,
ಮತ್ತೆ ಅದೇ.

ಅಷ್ಟರಲ್ಲಿ ಎರಡು ಸಲ ಕಾಫಿ,
ವಾಲ್ನಟ್ ಅರೆದು ತುಂಬಿದ ಬದನೆಕಾಯಿ ಒಂದು ತಟ್ಟೆ.
"ಯಾವಾಗಿನಿಂದ ಹೀಗೆ?"
ಮೊದಲೇ ಕೇಳಬೇಕಿತ್ತು. ಲಿಫ್ಟು ಕೆಟ್ಟರೆ ಮೊದಲ ಪ್ರಶ್ನೆಯೇ ಅದು:
ನಿಂತದ್ದು ಯಾವಾಗ, ಒಳಗೆ ಇದ್ದವರು ಯಾರು.

ತ್ಸಿಯಾಲಾ ಕಿಟಕಿಯಾಚೆ ರಿಯೋನಿ ಹೊಳೆಯನ್ನು ನೋಡಿದರು.
"ಮಂಗಳವಾರದಿಂದ," ಅಂದರು. "ನಾನು ಒಂದನ್ನು ಅಳಿಸಿದೆ."
ಏನನ್ನು?
"ಫಾಂಟು. ಪಟ್ಟಿಯೊಳಗೆ ಕಣ್ಣಿಗೆ ಬಿತ್ತು.
ಅದರ ಝಾನಿ ಅಕ್ಷರದ ಬಾಲ ನೋಡಿದ್ದೀಯಾ?
ಒದೆ ತಿಂದ ನಾಯಿಯದು. ಇಂಥದ್ದನ್ನು ನಾನು
ನನ್ನ ಮೇಜು ದಾಟಲು ಎಂದೂ ಬಿಟ್ಟವಳಲ್ಲ."

ಒಂದು ಬಾಲಕ್ಕಾಗಿ ಮೂವತ್ತಮೂರು ಅಕ್ಷರ ಗಡೀಪಾರು!
ನಾನು ನಗಲಿಲ್ಲ.
ಪೆನ್‌ಡ್ರೈವ್ ತರಲು ಕೆಳಗೆ ಹೋದಾಗ ನಕ್ಕೆ, ಬಿಡಿ.
ನನ್ನ ಯಂತ್ರದಿಂದ ಅದೇ ಫಾಂಟನ್ನು ತಂದು ಕೂರಿಸಿ
ಬ್ರೌಸರ್ ಮುಚ್ಚಿ ತೆರೆದೆ. ಒಂದು ಕ್ಷಣ ಚೌಕ.
ಆಮೇಲೆ ಒಂದೊಂದೇ
ಮೈ ಮುರಿದು, ಮಗ್ಗುಲು ಬದಲಿಸಿ, ದುಂಡಗಾದವು.

ಅವರು ಕನ್ನಡಕ ಏರಿಸಿ ಬಗ್ಗಿದರು. ಝಾನಿ ಸಿಕ್ಕಿತು.
ಕಿವಿಯ ಹಿಂದಿನ ಕೆಂಪು ಪೆನ್ಸಿಲ್ಲಿಗೆ ಕೈ ಹೋಯಿತು,
ಗಾಜಿನವರೆಗೂ ಬಂತು,
ಅಲ್ಲಿ ನಿಂತು ವಾಪಸಾಯಿತು.
"ಇರಲಿ," ಅಂದರು. "ಕುಂಟಿದರೂ ನಡೆಯುತ್ತದಲ್ಲ."

ಹೊರಡುವಾಗ ಕೈಗೆ ಹತ್ತು ತೇತ್ರಿ ತುರುಕಿದರು,
ಬೇಡವೆಂದರೆ ಕೇಳುವವರಲ್ಲ.
ಲಿಫ್ಟಿನ ಮಂದ ದೀಪ, ಆರು ಮಹಡಿ ಇಳಿಯುವಷ್ಟು ಪುರಸೊತ್ತು.
ಏಳು ವರ್ಷದ ಹಿಂದೆ ನಾನೇ ಬರೆದು ಅಂಟಿಸಿದ ಸೂಚನೆ:
ಬಾಗಿಲನ್ನು ಒದೆಯಬೇಡಿ.
ಒಂದು ಅಕ್ಷರದ ಮೇಲೆ ಸಣ್ಣ ಕೆಂಪು ಗೀಟು,
ಅಂಚಿನಲ್ಲಿ ಸರಿಯಾದದ್ದು.
ಹುಡುಗರ ಚೇಷ್ಟೆ ಅಂದುಕೊಂಡು
ಎಷ್ಟು ಸಲ ಒರೆಸಿದ್ದೇನೆ ಅದನ್ನು,
ಎಷ್ಟು ಸಲ ಮತ್ತೆ ಬಂದಿದೆ.